25 ವರ್ಷದ ರಜೆ, ಜಿಎಸ್‌ಟಿ ಬೇರೆ

ಮನೆ ಕಟ್ಟಲು ವರ್ಷಗಟ್ಟಲೆ ಸಾಲ ತೀರಿಸುವುದು ಅರ್ಥವಾಗುತ್ತದೆ. ಕೊನೆಗೆ ಮನೆಯಾದರೂ ಉಳಿಯುತ್ತದೆ. ಆದರೆ ಮುಂದಿನ 25 ವರ್ಷದ ರಜೆಯನ್ನು ಇವತ್ತೇ ಕೊಂಡಿಟ್ಟುಕೊಳ್ಳುವವರೂ ನಮ್ಮಲ್ಲಿದ್ದಾರೆ. ನಾಳೆ ಮಳೆ ಬರುತ್ತಾ ಇಲ್ವಾ ಅಂತ ಗೊತ್ತಿಲ್ಲದ ಮನುಷ್ಯ, 2049ರ ಮೇ ತಿಂಗಳಲ್ಲಿ ತಾನು ಬೆಟ್ಟದ ಮೇಲೆ ಕೂತು ಕಾಫಿ ಕುಡಿಯುವುದು ಖಂಡಿತ ಅಂತ ಸಹಿ ಹಾಕುತ್ತಾನೆ. ಇದೇ ಟೈಮ್‌ಶೇರ್: ಮೊದಲೇ ದುಡ್ಡು ಕಟ್ಟಿಟ್ಟರೆ ವರ್ಷಕ್ಕೊಂದು ವಾರ ರಿಸಾರ್ಟಿನಲ್ಲಿ ಕೋಣೆ.

ಐಡಿಯಾ ಹುಟ್ಟಿದ್ದು 1960ರ ದಶಕದಲ್ಲಿ, ಯುರೋಪಿನ ಆಲ್ಪ್ಸ್ ಬೆಟ್ಟಗಳಲ್ಲಿ. ನಮ್ಮ ದೇಶಕ್ಕೆ ಬಂದಿದ್ದು 1980ರ ದಶಕದಲ್ಲಿ. ನಮ್ಮ ಭಾವನ ಹತ್ತಿರ ಬಂದಿದ್ದು ಬೆಂಗಳೂರಿನ ಒಂದು ಮಾಲ್‌ನಲ್ಲಿ, ಒಂದು ಚೀಟಿಯ ರೂಪದಲ್ಲಿ.

ಹೆಸರು, ಮೊಬೈಲ್ ನಂಬರ್ ಬರೆದು ಡಬ್ಬಿಗೆ ಹಾಕಿದರೆ ಲಕ್ಕಿ ಡ್ರಾ. ಆ ಡಬ್ಬಿಗೆ ಚೀಟಿ ಹಾಕಿ ಗೆಲ್ಲದೆ ಹೋದವರನ್ನು ನಾನಂತೂ ಇದುವರೆಗೆ ಕಂಡಿಲ್ಲ. ಗಿಫ್ಟ್ ಬೇಕಾದರೆ ಗಂಡ ಹೆಂಡತಿ ಇಬ್ಬರೂ ಬರಬೇಕು. ಒಬ್ಬರೇ ಬಂದರೆ "ಮನೇಲಿ ಕೇಳಿ ಹೇಳ್ತೀನಿ" ಅಂತ ಎದ್ದು ಹೋಗುತ್ತಾರಲ್ಲ, ಅದಕ್ಕೆ. ದೊಡ್ಡ ಹೋಟೆಲಿನ ಎಸಿ ಹಾಲ್. ಮೇಜಿಗೊಬ್ಬ ಟೈ ಕಟ್ಟಿದ ಹುಡುಗ. ಮಧ್ಯೆ ಮಧ್ಯೆ ಯಾವುದೋ ಮೇಜಿನಿಂದ ಚಪ್ಪಾಳೆ, ಇನ್ನೊಂದು ಫ್ಯಾಮಿಲಿ ಸೇರಿತು ಅಂತ. ಆಫರ್ ಇವತ್ತು ಮಾತ್ರ, ನಾಳೆ ಒಂದು ಲಕ್ಷ ಜಾಸ್ತಿ. ನಾಳೆ ಅದೇ ಹಾಲ್‌ನಲ್ಲಿ ಬೇರೆ ಭಾವಂದಿರಿಗೆ ಅದೂ ಇವತ್ತು ಮಾತ್ರವೇ.

ಯುರೋಪಿನಲ್ಲಿ ಹೀಗೆ ಸಹಿ ಹಾಕಿಬಿಟ್ಟರೆ, 14 ದಿನದೊಳಗೆ ಕಾರಣ ಕೊಡದೆ ಒಪ್ಪಂದದಿಂದ ಹಿಂದೆ ಸರಿಯುವ ಹಕ್ಕು ಕಾನೂನಿನಲ್ಲೇ ಇದೆ. ನಮ್ಮಲ್ಲಿ ಟೈಮ್‌ಶೇರ್‌ಗೆ ಅಂತಲೇ ಪ್ರತ್ಯೇಕ ಕಾನೂನಿಲ್ಲ. ಹೀಗಾಗಿ ಭಾವ ಮನೆಗೆ ಬಂದು, ನಿದ್ದೆ ಮಾಡಿ ಎದ್ದು, ತಲೆ ತಣ್ಣಗಾದ ಮೇಲೆ ಒಪ್ಪಂದದ ಪುಟ ತಿರುಗಿಸಿದರು. ಆಗ ಗೊತ್ತಾಯಿತು, ಕ್ಯಾಲೆಂಡರಿಗೆ ಬಣ್ಣ ಬಳಿದಿದ್ದಾರೆ ಅಂತ. ದಸರಾ, ಕ್ರಿಸ್‌ಮಸ್, ಬೇಸಿಗೆ ರಜೆ ಒಂದು ಬಣ್ಣ. ಭಾವನದು ಇನ್ನೊಂದು ಬಣ್ಣ. ಆ ಬಣ್ಣದವರಿಗೆ ಕೊಡಗು ಸಿಗುವುದು ಜುಲೈನಲ್ಲಿ, ಅಂದರೆ ಕೊಡಗು ಕಣ್ಣಿಗೆ ಕಾಣದ ತಿಂಗಳಲ್ಲಿ.

ಹಾಗಾಗಿ ಮಕ್ಕಳಿಗೆ ಜ್ವರ ಅಂತ ಶಾಲೆಗೆ ಚೀಟಿ ಕೊಟ್ಟು, ಇಡೀ ಸಂಸಾರ ಮಡಿಕೇರಿ ಕಡೆಗೆ ಹೊರಟೆವು.

ರಿಸಾರ್ಟಿನ ಸ್ವಾಗತದ ಬೋರ್ಡಿನಲ್ಲಿ ಅರ್ಧ ಅಕ್ಷರ ಉದುರಿತ್ತು. ಕೋಣೆಯೊಳಗೆ ಹೊರಗಿಗಿಂತ ಜಾಸ್ತಿ ಮಲೆನಾಡು. ಗೋಡೆಯ ಮೇಲೆ ಪಾಚಿ, ಮೂಲೆಯಲ್ಲಿ ಬೂಷ್ಟು, ಹಾಸಿಗೆ ಹಿಂಡಿದರೆ ನೀರು ಬರುವಷ್ಟು ತಂಪು. ಈಜುಕೊಳದಲ್ಲಿ ಹಸಿರು ನೀರು, ಅದರ ಪಕ್ಕದಲ್ಲೇ 'ದುರಸ್ತಿಯಲ್ಲಿದೆ' ಅನ್ನುವ ಫಲಕ. ಇಡೀ ರಿಸಾರ್ಟಿನಲ್ಲಿ ಎಲ್ಲಕ್ಕಿಂತ ಹಳೇ ವಸ್ತು ಅಂದರೆ ತುಕ್ಕು ಹಿಡಿದ ಆ ಫಲಕವೇ. ಬಿಸಿನೀರು ಬೆಳಿಗ್ಗೆ ಆರರಿಂದ ಎಂಟು. ಬಕೆಟ್ ಇತ್ತು, ಮಗ್ ಇರಲಿಲ್ಲ. ಫೋನ್ ಮಾಡಿದರೆ "ಕಳಿಸ್ತೀವಿ ಸರ್" ಅಂದರು. ಅತ್ತೆ ಕೊನೆಗೆ ಟೀ ಲೋಟದಲ್ಲೇ ಸ್ನಾನ ಮುಗಿಸಿದರು. ಒಂದು ಲೋಟಕ್ಕೆ ಒಂದು ದೇವರ ಹೆಸರು ಹೇಳಿದರಂತೆ, ಕೈಗೆ ಬಂದ ದೇವರೆಲ್ಲ ಮುಗಿದರೂ ಸೋಪು ಹೋಗಿರಲಿಲ್ಲ.

ಕೋಣೆಯಲ್ಲೇ ಅಡುಗೆಮನೆ ಇದೆ ಅಂತ ಹಾಲ್‌ನಲ್ಲಿ ಹೇಳಿದ್ದರು. ಇತ್ತು, ಸುಳ್ಳಲ್ಲ. ಒಂದು ಸಿಂಕ್, ಒಂದು ಚಮಚ, ಸ್ಟವ್ ಇದ್ದ ಜಾಗದಲ್ಲಿ ಚೌಕಾಕಾರದ ಕಲೆ. ಗೋಡೆಗೆ 'ಹೊರಗಿನ ಊಟ ತರಬಾರದು' ಅನ್ನುವ ಸೂಚನೆ. ಹೀಗಾಗಿ ಉಪ್ಪಿಟ್ಟಿಗೂ ಬಫೆ ರೇಟು. ಸಂಜೆ ಮನರಂಜನೆ ತಂಬೋಲಾ. ಕರೆಂಟ್ ಹೋದ ಮೇಲೆ ಮೊಬೈಲ್ ಟಾರ್ಚಿನಲ್ಲಿ ನಂಬರ್ ಕೂಗಿದರು. ಅತ್ತೆಗೆ ಫುಲ್ ಹೌಸ್ ಬಂತು. ಬಹುಮಾನ ಒಂದು ಮಗ್! ಕಾಫಿ ಮಗ್.

ಕಷ್ಟವೆಲ್ಲ ಸಹಿಸಬಹುದಿತ್ತು. ಪಕ್ಕದ ಕೋಣೆಗೆ ಮೈಸೂರಿನ ಒಂದು ಜೋಡಿ ಬಂದಿಳಿಯಿತು ನೋಡಿ, ಅಲ್ಲಿ ಭಾವನ ಮುಖ ಸಪ್ಪೆಯಾಯಿತು. ಮೆಂಬರ್‌ಗಳೇ ಅಲ್ಲ. ಹಿಂದಿನ ರಾತ್ರಿ ಮೊಬೈಲ್‌ನಲ್ಲಿ ಬುಕ್ ಮಾಡಿದ್ದಾರೆ. ರಾತ್ರಿಗೆ 4,500 ರೂಪಾಯಿ, ತಿಂಡಿ ಉಚಿತ, ಗೀಸರ್ ಇಡೀ ದಿನ.

ನಾನು ಸುಮ್ನೆ ಇರಬೇಕಿತ್ತು, ಆದರೆ ಲೆಕ್ಕ ಹಾಕಿಬಿಟ್ಟೆ. ಭಾವ ಕೊಟ್ಟಿದ್ದು ನಾಲ್ಕು ಲಕ್ಷ. ಅದನ್ನು ಬ್ಯಾಂಕಿನಲ್ಲಿಟ್ಟು ಶೇ. 7 ಬಡ್ಡಿ ಅಂದುಕೊಂಡರೆ ವರ್ಷಕ್ಕೆ 28,000 ಬರುತ್ತಿತ್ತು, ಅದು ಹೋಯಿತು. ವಾರ್ಷಿಕ ನಿರ್ವಹಣಾ ಶುಲ್ಕ 20,000, ಅದಕ್ಕೆ ಶೇ. 18 ಜಿಎಸ್‌ಟಿ ಸೇರಿ 23,600. ಒಟ್ಟು 51,600. ವರ್ಷಕ್ಕೆ ಸಿಗುವ ಏಳು ರಾತ್ರಿಗೆ ಭಾಗಿಸಿದರೆ ರಾತ್ರಿಗೆ 7,370ರ ಆಸುಪಾಸು. ಅದೂ ಹೋದರೆ ಮಾತ್ರ, ಹೋಗದಿದ್ದರೂ ಶುಲ್ಕ ತಪ್ಪಲ್ಲ. ಪಕ್ಕದವರ 7,500ರ ಒಳಗಿನ ಕೋಣೆಗೆ 2025ರ ಸೆಪ್ಟೆಂಬರ್‌ನಿಂದ ಜಿಎಸ್‌ಟಿ ಬರೀ ಶೇ. 5. ಸರ್ಕಾರಕ್ಕೂ ಗೊತ್ತು, ಯಾರ ಹತ್ತಿರ ಜಾಸ್ತಿ ವಸೂಲು ಮಾಡಬಹುದು ಅಂತ.

"ನೀವು ಹೊರಗಿನವರ ರೇಟು ನೋಡ್ತೀರಿ, ನಾವು ಮಾಲೀಕರು ಕಣ್ರೀ" ಅಂದರು ಭಾವ. ಮಾಲೀಕರ ತಲೆ ಮೇಲೆ ಚಾವಣಿಯಿಂದ ಒಂದು ಹನಿ ಬಿತ್ತು.

ದೂರು ಕೊಡೋಣ ಅಂತ ಆಫೀಸಿಗೆ ಹೋದೆವು. ಅಲ್ಲಿನ ಮ್ಯಾನೇಜರ್ ಟೀ ತರಿಸಿ, ಒಂದೊಂದನ್ನೂ ಕೇಳಿ ಬರೆದುಕೊಂಡ. ಮಗ್, ಪಾಚಿ, ಗೀಸರ್, ಹನಿ. ಎಷ್ಟು ಒಳ್ಳೆ ಹುಡುಗ ಅಂತ ಅತ್ತೆಗೂ ಅನಿಸಿತು. ಬರೆದು ಮುಗಿಸಿ ಹೇಳಿದ, "ನೀವು ಹೇಳೋದು ನೂರಕ್ಕೆ ನೂರು ನಿಜ ಸರ್. ಈ ಪ್ಲಾನ್‌ನವರಿಗೆಲ್ಲ ಇದೇ ತೊಂದರೆ. ಅಪ್‌ಗ್ರೇಡ್ ಮಾಡಿಸಿಬಿಡಿ, ಆಫರ್ ಇವತ್ತು ಮಾತ್ರ." ದೂರಿನ ಪುಸ್ತಕ ಅಂದುಕೊಂಡಿದ್ದು ಅರ್ಜಿ ಫಾರಂ ಆಗಿತ್ತು.

ಗ್ರಾಹಕ ಆಯೋಗಕ್ಕೆ ಹೋಗಿ ಅಂತ ನಾನು ಹೇಳಿದೆ. 2019ರ ಕಾಯ್ದೆ ಪ್ರಕಾರ ನಾವಿರುವ ಊರಿನಲ್ಲೇ ದೂರು ಹಾಕಬಹುದು, ಕಂಪನಿ ಇರುವ ಊರಿಗೆ ಅಲೆಯಬೇಕಿಲ್ಲ. ಕೊಟ್ಟ ಹಣ ಐದು ಲಕ್ಷದವರೆಗಿದ್ದರೆ ದೂರಿಗೆ ಶುಲ್ಕವೂ ಇಲ್ಲ. ಸಹಾಯವಾಣಿ ನಂಬರ್ 1915. ಭಾವ ಎಲ್ಲ ಕೇಳಿಸಿಕೊಂಡರು. ಶುಲ್ಕವಿಲ್ಲದ್ದರ ಮೇಲೆ ಅವರಿಗೆ ನಂಬಿಕೆ ಕಡಿಮೆ.

ಮಾರಿಬಿಡೋಣ ಅಂತ ಆನ್‌ಲೈನ್‌ನಲ್ಲಿ ಜಾಹೀರಾತು ಹಾಕಿದರು. ಅಲ್ಲಿ ಆಗಲೇ ಅರ್ಧ ಬೆಲೆಗೆ ಮಾರಲು ಕಾದಿರುವ ಭಾವಂದಿರ ಸಾಲೇ ಇತ್ತು. ಕೊಳ್ಳುವವರು ಯಾರೂ ಕೇಳಲಿಲ್ಲ. ಕೊನೆಗೆ ಕಳೆದ ವಾರ ಒಂದು ಫೋನ್ ಬಂತು. ನಿಮ್ಮ ಮೆಂಬರ್‌ಶಿಪ್‌ಗೆ ಗಿರಾಕಿ ರೆಡಿ ಇದ್ದಾರೆ, ಮೊದಲು 35,000 ಪ್ರೊಸೆಸಿಂಗ್ ಫೀ ಕಟ್ಟಿ ಅಂತ. ನಾವೆಲ್ಲ ಬೇಡ ಬೇಡ ಅಂತ ಕೈ ಆಡಿಸಿದೆವು. ಭಾವ ಫೋನಿಗೆ ಕೈ ಅಡ್ಡ ಹಿಡಿದು, ದನಿ ತಗ್ಗಿಸಿ ಕೇಳಿದರು:

"ಇಎಂಐ ಇದೆಯಾ?"