ಥೈರಾಯ್ಡ್ ಮಾತ್ರೆ ಮೂಳೆ ಕರಗಿಸುತ್ತದೆಯೇ? ಒಂದು ಸ್ಪಷ್ಟನೆ

‘ಥೈರಾಕ್ಸಿನ್ (ಥೈರಾಯ್ಡ್ ಮಾತ್ರೆ) ಮೂಳೆ ಕರಗಿಸುತ್ತದೆ, ಆಸ್ಟಿಯೋಪೊರೋಸಿಸ್ (ಮೂಳೆ ಸವೆತ) ಇದ್ದವರು ಕೂಡಲೇ ನಿಲ್ಲಿಸಿ’ ಎಂಬ ವಾಟ್ಸಾಪ್ ಸಂದೇಶ ಅರ್ಧ ಸತ್ಯ. ಅದರ ಸಲಹೆಯಂತೂ ಪೂರ್ತಿ ತಪ್ಪು.

ಮೂಳೆಗೆ ಕುತ್ತು ತರುವುದು ಹೆಚ್ಚಾದ ಡೋಸ್. ಟಿಎಸ್‌ಎಚ್ (ದೇಹಕ್ಕೆ ಥೈರಾಕ್ಸಿನ್ ಹೆಚ್ಚಾದರೆ ಇಳಿಯುವ, ಕಡಿಮೆಯಾದರೆ ಏರುವ ರಕ್ತದ ಹಾರ್ಮೋನ್) 0.1 mIU/L ಗಿಂತ ಕೆಳಗಿಳಿದು ಹಾಗೇ ಉಳಿದರೆ, ಮುಖ್ಯವಾಗಿ ಮುಟ್ಟು ನಿಂತವರಲ್ಲಿ, ಮೂಳೆ ಸಾಂದ್ರತೆ ಕುಗ್ಗುತ್ತದೆ. ಟಿಎಸ್‌ಎಚ್ ಮಿತಿಯೊಳಗಿದ್ದರೆ ಆ ಭಯ ಬೇಡ. ಡೋಸ್ ಬದಲಾದ 6–8 ವಾರಕ್ಕೆ ರಕ್ತ ಪರೀಕ್ಷೆ ಮಾಡಿಸಿ. (ಥೈರಾಯ್ಡ್ ಕ್ಯಾನ್ಸರ್ ಆದವರಲ್ಲಿ ಟಿಎಸ್‌ಎಚ್ ಅನ್ನು ಬೇಕೆಂದೇ ತಗ್ಗಿಸಿರಬಹುದು; ಅವರು ವೈದ್ಯರನ್ನೇ ಕೇಳಬೇಕು.)

ನಿಜವಾದ ಎಡವಟ್ಟು ಕ್ಯಾಲ್ಸಿಯಂ ಮಾತ್ರೆಯದು. ಎರಡನ್ನೂ ಒಟ್ಟಿಗೆ ನುಂಗಿದರೆ ಕ್ಯಾಲ್ಸಿಯಂ ಕರುಳಿನಲ್ಲೇ ಥೈರಾಕ್ಸಿನ್ ಅನ್ನು ಹಿಡಿದಿಡುತ್ತದೆ. ಟಿಎಸ್‌ಎಚ್ ಏರುತ್ತದೆ, ಡೋಸ್ ಹೆಚ್ಚಿಸುತ್ತಾರೆ. ಮುಂದೆ ಕ್ಯಾಲ್ಸಿಯಂ ಬಿಟ್ಟರೆ ಅದೇ ಡೋಸ್ ಅತಿಯಾಗಿ ಮೂಳೆಗೆ ಮುಳುವಾಗುತ್ತದೆ. ಹಾಗಾಗಿ 4 ಗಂಟೆ ಅಂತರ ಬೇಕು: ಬೆಳಿಗ್ಗೆ 6ಕ್ಕೆ ಬರೀ ನೀರಿನಲ್ಲಿ ಥೈರಾಕ್ಸಿನ್, 30–60 ನಿಮಿಷದ ನಂತರ ಕಾಫಿ, ತಿಂಡಿ, ಕ್ಯಾಲ್ಸಿಯಂ ಕಾರ್ಬೊನೇಟ್ ಮಧ್ಯಾಹ್ನದ ಊಟದ ಜೊತೆ. ಕಬ್ಬಿಣದ ಮಾತ್ರೆಗೂ ಇದೇ ಅಂತರ.

ವಾರಕ್ಕೊಮ್ಮೆ ಅಲೆಂಡ್ರೊನೇಟ್ (ಆಸ್ಟಿಯೋಪೊರೋಸಿಸ್‌ಗೆ ಕೊಡುವ ಮಾತ್ರೆ) ನುಂಗುವವರು ಆ ದಿನ ಮೊದಲು ಅದನ್ನೇ ಒಂದು ಲೋಟ ನೀರಿನೊಂದಿಗೆ ತೆಗೆದುಕೊಳ್ಳಲಿ. ನಂತರ ಮಲಗಬಾರದು, ಅನ್ನನಾಳ ಸುಡುತ್ತದೆ. ಅರ್ಧ ಗಂಟೆ ಕಳೆದು ಥೈರಾಕ್ಸಿನ್, ಮತ್ತೆ ಕನಿಷ್ಠ ಅರ್ಧ ಗಂಟೆ ಬಿಟ್ಟು ತಿಂಡಿ.