ಹುಡುಗನಿಗೆ ಗೆಳೆಯರಿದ್ದಾರೆಯೇ ಎಂದು ಕೇಳಿದವರು ಯಾರು?

ಕಾನೂನಿನೊಂದಿಗೆ ಸಂಘರ್ಷಕ್ಕೊಳಗಾದ ಮಕ್ಕಳನ್ನು ಮನೋವೈದ್ಯಶಾಸ್ತ್ರ ಯಾವ ವರ್ಗಕ್ಕೆ ಸೇರಿಸುತ್ತದೆ ಎಂಬುದು ಆಸ್ಪತ್ರೆಯ ಒಳಗೇ ಮುಗಿದುಹೋಗುವ ವಿಚಾರವೆಂದು ನಮ್ಮಲ್ಲಿ ಹಲವರು ತಿಳಿದಿದ್ದಾರೆ. 2015ರ ಬಾಲ ನ್ಯಾಯ ಕಾಯ್ದೆ ಬಂದ ಮೇಲೆ ಅದು ಹಾಗೆ ಉಳಿದಿಲ್ಲ. ಹದಿನಾರು ತುಂಬಿದವನ ಮೇಲೆ ಘೋರ ಅಪರಾಧದ ಆರೋಪವಿದ್ದರೆ ಅವನ ಮಾನಸಿಕ ಮತ್ತು ದೈಹಿಕ ಸಾಮರ್ಥ್ಯ, ಪರಿಣಾಮವನ್ನು ಅರಿಯುವ ಶಕ್ತಿ, ಕೃತ್ಯ ನಡೆದ ಸನ್ನಿವೇಶ ಇವುಗಳನ್ನು ಬಾಲ ನ್ಯಾಯ ಮಂಡಳಿ ಪರಿಶೀಲಿಸಬೇಕೆಂದು ಅದರ 15ನೆಯ ಸೆಕ್ಷನ್ ಹೇಳುತ್ತದೆ. ವಯಸ್ಕನಂತೆ ವಿಚಾರಣೆಗೆ ಗುರಿಪಡಿಸುವುದೋ ಬೇಡವೋ ಎಂಬುದು ಇದರ ಮೇಲೆ ನಿಂತಿದೆ. ಮಂಡಳಿಯಲ್ಲಿ ಮನಃಶಾಸ್ತ್ರ ಬಲ್ಲವರಿಲ್ಲದಿದ್ದರೆ ತಜ್ಞರ ನೆರವು ಪಡೆಯಲೇಬೇಕೆಂದು ಸುಪ್ರೀಂ ಕೋರ್ಟ್ 2022ರಲ್ಲಿ ತೀರ್ಪು ನೀಡಿದ ಮೇಲಂತೂ ತಜ್ಞರ ವರದಿಯ ಒಂದೊಂದು ಸಾಲಿಗೂ ಬೆಲೆ ಬಂದಿದೆ.

1946ರಲ್ಲಿ ಹೆವಿಟ್ ಮತ್ತು ಜೆಂಕಿನ್ಸ್ ಎಂಬಿಬ್ಬರು ಅಮೆರಿಕದ ಮಿಷಿಗನ್‌ನಲ್ಲಿ 500 ಮಕ್ಕಳ ಕಡತಗಳನ್ನು ಓದಿ, ಯಾರೊಂದಿಗೂ ಬೆರೆಯದೆ ಹಿಂಸೆಗಿಳಿಯುವ ಮಕ್ಕಳನ್ನೂ ಗುಂಪಿನ ನಿಷ್ಠೆಯಿಂದ ತಪ್ಪು ಮಾಡುವ ಮಕ್ಕಳನ್ನೂ ಬೇರೆಬೇರೆಯಾಗಿ ಗುರುತಿಸಿದರು. ಅಮೆರಿಕದ ಮನೋವೈದ್ಯರ ಸಂಘದ ರೋಗನಿರ್ಣಯ ಕೈಪಿಡಿಯಾದ 1980ರ ಡಿಎಸ್‌ಎಂ-3ರಲ್ಲಿ ಮತ್ತು ವಿಶ್ವ ಆರೋಗ್ಯ ಸಂಸ್ಥೆಯ ರೋಗವರ್ಗೀಕರಣವಾದ ಐಸಿಡಿ-10ರಲ್ಲಿ ಈ ಭೇದ ಉಳಿದಿತ್ತು. 1994ರ ಡಿಎಸ್‌ಎಂ-4 ಇದನ್ನು ಕೈಬಿಟ್ಟು, ಲಕ್ಷಣಗಳು ಹತ್ತು ವರ್ಷದೊಳಗೆ ಕಾಣಿಸಿಕೊಂಡವೋ ಆಮೇಲೋ ಎಂಬುದನ್ನೇ ಅಳತೆಗೋಲು ಮಾಡಿತು. ಐಸಿಡಿ-11 ಕೂಡ ಅದೇ ದಾರಿ ಹಿಡಿಯಿತು. ಬಾಲ್ಯದಲ್ಲೇ ಶುರುವಾದ ಹಿಂಸಾಪ್ರವೃತ್ತಿ ಹೆಚ್ಚು ಕಾಲ ಉಳಿಯುತ್ತದೆ ಎಂಬುದಕ್ಕೆ ಗಟ್ಟಿಯಾದ ಆಧಾರಗಳಿರುವುದರಿಂದ ಈ ಬದಲಾವಣೆಯನ್ನು ಅವೈಜ್ಞಾನಿಕವೆಂದು ನಾನು ಹೇಳಲಾರೆ. ಆದರೆ ಹುಡುಗ ಯಾರ ಜತೆಗಿದ್ದ, ಯಾರಿಗಾಗಿ ಮಾಡಿದ ಎಂದು ಕೇಳಲೇಬೇಕಾದ ಒತ್ತಾಯ ಇದರೊಂದಿಗೆ ಹೋಯಿತು. ಇತರರ ಹಕ್ಕುಗಳನ್ನೂ ನಿಯಮಗಳನ್ನೂ ಮತ್ತೆ ಮತ್ತೆ ಮೀರುವ ವರ್ತನೆಯ ತೊಂದರೆಯಾದ ಕಂಡಕ್ಟ್ ಡಿಸಾರ್ಡರ್‌ಗೆ ಈಗ ಹದಿನೈದು ಲಕ್ಷಣಗಳ ಪಟ್ಟಿಯಿದೆ. ಒಂದು ವರ್ಷದೊಳಗೆ ಮೂರು ಕಂಡರೆ, ಅವುಗಳಲ್ಲಿ ಒಂದಾದರೂ ಕಳೆದ ಆರು ತಿಂಗಳಿನದಾಗಿದ್ದರೆ, ರೋಗನಿರ್ಣಯಕ್ಕೆ ದಾರಿಯಾಗುತ್ತದೆ.

ಕೇರಳದ ಕಾಸರಗೋಡು ಜಿಲ್ಲೆಯಲ್ಲಿ ಕುಂಬಳೆ ಕಡೆಯ ಒಬ್ಬ ವಿದ್ಯಾರ್ಥಿ ಇನ್ನು ಮೂವರೊಂದಿಗೆ ಸೇರಿ, ಅಂಗಳದಲ್ಲಿ ಒಣಹಾಕಿದ್ದ ಅಡಿಕೆಯನ್ನು ರಾತ್ರಿ ಗೋಣಿಗೆ ತುಂಬಿ ಮಾರಿ ಸಿಕ್ಕಿಬಿದ್ದಿದ್ದ. (ಇದು ಘೋರ ಅಪರಾಧದ ಸಾಲಿಗೆ ಬಾರದು, ಆದರೆ ಆಪ್ತಸಮಾಲೋಚನೆ ಇದಕ್ಕೂ ನಡೆಯುತ್ತದೆ.) ಅಧ್ಯಾಪಕನಾಗಿ ನಾನೂ ಜತೆಗೆ ಹೋಗಿದ್ದೆ. ಪ್ರಶ್ನೆಗಳೆಲ್ಲ ಮಲಯಾಳದಲ್ಲಿದ್ದವು. ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ ಆಡುವ ಹುಡುಗ ಅಂಗಿಯ ಗುಂಡಿ ತಿರುವುತ್ತಾ, ತಲೆಯಾಡಿಸುತ್ತಾ ಕುಳಿತ. ಪಶ್ಚಾತ್ತಾಪ ಕಾಣುವುದಿಲ್ಲ ಎಂದು ಸಮಾಲೋಚಕರು ನನ್ನೊಡನೆ ಹೇಳಿದರು. ಹೊರಗೆ ಜಗಲಿಯಲ್ಲಿ ತುಳುವಿನಲ್ಲಿ ಕೇಳಿದಾಗ ಅವನು ತಡೆಯಿಲ್ಲದೆ ಮಾತಾಡಿದ: ಮನೆಯಲ್ಲಿ ಒಲೆ ಉರಿಯದ ದಿನ ಗಂಜಿ ಬಡಿಸಿದ್ದು ಆ ಮೂವರಲ್ಲಿ ಒಬ್ಬನ ತಾಯಿ, ಅವನ ಹೆಸರು ಹೇಳುವುದು ಹೇಗೆ ಮಾಸ್ಟ್ರೇ ಎಂದು ಅತ್ತ. ಹೆವಿಟ್ ಮತ್ತು ಜೆಂಕಿನ್ಸ್ ಈ ಹುಡುಗನನ್ನು ಗುಂಪಿನ ನಿಷ್ಠೆಯಿಂದ ತಪ್ಪು ಮಾಡುವವರ ಎರಡನೆಯ ಗುಂಪಿಗೆ ಸೇರಿಸಲು ಹೆಚ್ಚು ಯೋಚಿಸುತ್ತಿರಲಿಲ್ಲ.

ಪಶ್ಚಾತ್ತಾಪವಿಲ್ಲದಿರುವುದು ಸಣ್ಣ ಮಾತಲ್ಲ. 2013ರ ಡಿಎಸ್‌ಎಂ-5 ಅದನ್ನು ಇತರರ ಬಗೆಗಿನ ಸದ್ಭಾವನೆಗಳ ಕೊರತೆಯನ್ನು ತೋರುವ ನಾಲ್ಕು ಲಕ್ಷಣಗಳಲ್ಲಿ ಒಂದೆಂದು ಎಣಿಸುತ್ತದೆ. ಅವುಗಳಲ್ಲಿ ಎರಡಾದರೂ ಒಂದು ವರ್ಷದಷ್ಟು ಕಾಲ, ಹಲವು ಸಂಬಂಧಗಳಲ್ಲಿ, ಹಲವು ಸನ್ನಿವೇಶಗಳಲ್ಲಿ ಕಂಡಿರಬೇಕೆಂದೂ, ಹುಡುಗನನ್ನು ಬಹುಕಾಲದಿಂದ ಬಲ್ಲವರನ್ನು ವಿಚಾರಿಸಬೇಕೆಂದೂ ಷರತ್ತು ಹಾಕುತ್ತದೆ. ಅರ್ಧ ಗಂಟೆಯ ಮಾತುಕತೆಯಲ್ಲಿ, ಅದೂ ಹುಡುಗನಿಗೆ ನಾಲಗೆ ಹೊರಳದ ಭಾಷೆಯಲ್ಲಿ, ಅದನ್ನು ತೀರ್ಮಾನಿಸುವುದನ್ನು ಆ ಕೈಪಿಡಿಯೇ ಒಪ್ಪುವುದಿಲ್ಲ.

ನಮ್ಮ ಜಿಲ್ಲೆಯಲ್ಲಿ ಕನ್ನಡ, ತುಳು, ಬ್ಯಾರಿ, ಕೊಂಕಣಿ, ಮರಾಠಿ ಆಡುವ ಮನೆಗಳು ಒಂದೇ ವಾರ್ಡಿನಲ್ಲಿ ಸಿಗುತ್ತವೆ. ಕಲಾಪದ ಭಾಷೆ ಮಗುವಿಗೆ ತಿಳಿಯದಿದ್ದರೆ ಅರ್ಹ ದುಭಾಷಿಯನ್ನು ಒದಗಿಸುವುದು ಮಂಡಳಿಯ ಕರ್ತವ್ಯವೆಂದು ಅದೇ ಕಾಯ್ದೆಯ 8ನೆಯ ಸೆಕ್ಷನ್ ಹೇಳಿದೆ. ತಜ್ಞರ ಸಂದರ್ಶನವನ್ನೂ ಕಲಾಪದ ಭಾಗವೆಂದೇ ಪರಿಗಣಿಸಬೇಕು, ಸಂದರ್ಶನ ಯಾವ ಭಾಷೆಯಲ್ಲಿ ನಡೆಯಿತು, ದುಭಾಷಿ ಇದ್ದರೇ ಎಂಬುದನ್ನು ವರದಿಯ ಮೊದಲ ಪುಟದಲ್ಲಿಯೇ ದಾಖಲಿಸಬೇಕು ಎಂದು ಇಲ್ಲಿನ ವಕೀಲರೂ ಶಿಕ್ಷಕ ಸಂಘಟನೆಗಳೂ ಮಂಡಳಿಯ ಮುಂದೆ ಲಿಖಿತವಾಗಿ ಕೇಳಬೇಕು. ಕೇರಳದಲ್ಲಿ ಸರಕಾರದೊಂದಿಗೆ ಕನ್ನಡದಲ್ಲಿ ವ್ಯವಹರಿಸಲು 1969ರ ರಾಜ್ಯ ಭಾಷಾ ಕಾಯ್ದೆ ನಮಗೆ ಅವಕಾಶ ಕೊಟ್ಟಿರುವುದರಿಂದ ಆ ಮನವಿಯನ್ನು ಕನ್ನಡದಲ್ಲಿಯೇ ಬರೆಯಬಹುದು.