ಸಾಲಿ ಸಾಕ್ಸ ಮತ್ತ ಘೂಮ್ ಮಠ

ಡಾರ್ಜಿಲಿಂಗ್‌ದಿಂದ ಬಂದಾಗಿಂದ ಒಂದ ಪ್ರಶ್ನೆ ಕೇಳಿ ಕೇಳಿ ತಲಿ ಚಿಟ್ಟ ಹಿಡದೈತಿ. ಗಾಂಧಿ ಚೌಕದಾಗ ಸಿಕ್ಕವ್ರು, ಹಾಲಿನಾಂವ, ಬೀಗರು, ಎಲ್ಲಾರೂ "ಬೌದ್ಧರ ಮಠಕ್ಕ ಹೋಗಿದ್ರಂತಲ್ರಿ, ಮನಸ್ಸಿಗೆ ಶಾಂತಿ ಸಿಕ್ತೇನ್ರಿ?" ಅಂತಾರ. ಸಿಕ್ಕಿದ್ರ ಚೀಲದಾಗ ತುಂಬ್ಕೊಂಡು ಬಂದು ಪ್ರಸಾದ ಹಂಚಿದಂಗ ಹಂಚಬೇಕಾಗಿತ್ತೇನ? ನನಗಂತೂ ಅಲ್ಲಿ ಸಿಕ್ಕಿದ್ದು ತೊಯ್ದ ಸಾಕ್ಸ.

ಈ ಸಾಕ್ಸಿನ ಕತಿ ಹೇಳ್ಲೇಬೇಕು. ವಿಜಯಪುರದಾಗ ಏಪ್ರಿಲ್ ಬಿಸಿಲು ನಿಮಗ ಗೊತ್ತ ಐತಿ, ಅಂಥಾದ್ರಾಗ ಅಂಗಡಿಗೆ ಹೋಗಿ ಉಣ್ಣಿ ಸಾಕ್ಸ ಕೊಡ್ರಿ ಅಂದ್ರ ಅಂವ ನನ್ನ ಮಾರಿ ಒಮ್ಮಿ ನೋಡಿದ, ಕಾಲಾಗಿನ ಚಪ್ಪಲಿ ಒಮ್ಮಿ ನೋಡಿದ. "ಯಾವ ಸಾಲಿರಿ ಸರ?" ಅಂದ. ಸಾಲಿಗಲ್ಲೋ ಮಾರಾಯ, ನನಗ ಬೇಕು ಅಂದೆ. "ಉಣ್ಣೀವು ಈಗೆಲ್ಲಿ ಸಿಗ್ತಾವ್ರಿ, ಥಂಡಿ ದಿನದಾಗ ಟಿಬೆಟ್ ಮಂದಿ ಸ್ವೆಟರ್ ಮಾರಾಕ ಬರ್ತಾರಲ್ರಿ, ಆವಾಗ ಕೇಳ್ರಿ" ಅಂದ. ಅಲ್ಲೋ, ಅವರು ಬರೂತನಕ ಕಾಯಾಕ ಆಗೂದಿಲ್ಲಂತನ ನಾನ ಆ ಕಡೆ ಹೊಂಟೀನಿ! ಇನ್ನೊಂದು ಅಂಗಡ್ಯಾಗ ಹಿಮ್ಮಡ ಸುದ್ದಾ ಮುಚ್ಚಲಾರದಂಥ ಗಿಡ್ಡು ಸಾಕ್ಸ, ಅದಕ್ಕ ಬೂಟಿನಷ್ಟ ರೇಟು. ನಮ್ಮ ಮನಿಯಾಕಿ "ಕಾಲಿಗೆ ಹಾಕೊಳ್ಳೂದಕ್ಕ ಏನ್ ಇಷ್ಟ ಹುಡುಕ್ತೀರಿ, ಸೀರಿ ತರಾಕ ಕರದ್ರ ಹೊರಗ ನಿಂದರ್ತೀರಿ" ಅಂತ ಅದನ್ನೂ ಅಂದ್ಲು. ಕಡೀಕ ತಂದಿದ್ದು ಸಾಲಿ ಸಾಕ್ಸನ, ಬಿಳೇವು, ಮ್ಯಾಲ ಎರಡು ನೀಲಿ ಪಟ್ಟಿ, ಒಂಬತ್ತನೇ ಇಯತ್ತೆ ಹುಡುಗರ ಅಳತಿ. ರಬ್ಬರ್ ಎಷ್ಟು ಬಿಗಿ ಅಂದ್ರ ರಾತ್ರಿ ಬಿಚ್ಚಿದ್ರೂ ಮೀನಖಂಡದ ಮ್ಯಾಲ ಗೆರಿ ಹಂಗ ಇರ್ತಿತ್ತು.

ಇರ್ಲಿ. ಮುಂಜಾನೆ ಕತ್ತಲದಾಗ ಎಬ್ಬಿಸಿ ಟೈಗರ್ ಹಿಲ್‌ಗೆ ಕರ್ಕೊಂಡು ಹೋದ್ರು, ಕಾಂಚನಜುಂಗಾ ಕಾಣ್ತೈತಿ ಅಂತ. 8,586 ಮೀಟರ್ ಎತ್ತರದ ಪರ್ವತ ಅದು, ಮಂಜಿನ್ಯಾಗ ಒಂದ ಒಂದು ಮೀಟರ್ ಸುದ್ದಾ ಕಾಣ್ಲಿಲ್ಲ. ಡ್ರೈವರ್ "ಕಲ್ ಫಿರ್ ಆಯಿಯೇ" ಅಂದ, ನಾಳಿ ಮತ್ತ ಅವನ ಗಾಡಿ ಬಾಡಿಗಿ ಯಾರಪ್ಪ ಕೊಡ್ತಾನ? ಇಳಿಯಾಗ ಘೂಮ್. ಇಲ್ಲಿ ರೈಲ್ವೆ ಸ್ಟೇಷನ್ 7,407 ಅಡಿ ಮ್ಯಾಲ ಐತಿ, ನಮ್ಮ ದೇಶದಾಗ ಇದಕ್ಕಿಂತ ಎತ್ತರದ ಸ್ಟೇಷನ್ ಇಲ್ಲ. ಅಲ್ಲಿಂದ ಜರಾ ನಡದ್ರ ಯಿಗಾ ಚೋಲಿಂಗ್ ಮಠ, 1850ರದ್ದು. ಬೂಟು ಹೊರಗ ಬಿಡ್ರಿ ಅಂದ್ರು, ಬಿಟ್ವಿ, ಹೊಸ್ತಲದ ಮುಂದ ನೀರು ನಿಂತಿತ್ತು, ನನ್ನ ಎರಡೂ ನೀಲಿ ಪಟ್ಟಿತನ ತೊಯ್ದು ಹೋದ್ವು.

ಒಳಗ ಮೈತ್ರೇಯ ಬುದ್ಧ, 15 ಅಡಿ, ಮುಂದ ಹುಟ್ಟಿ ಬರಾಂವ ಅಂತಾರಲ್ಲ ಅಂವ. ಚಕ್ಕಳಮಕ್ಕಳ ಹಾಕಿಲ್ಲ, ಕುರ್ಚಿ ಮ್ಯಾಲ ಕುಂತಾಂವ ಕಾಲು ಇಳಿಬಿಟ್ಟಾನ, ಈಗ ಎದ್ದು ಹೊಂಟೇಬಿಡ್ತಾನ ಅನಸ್ತೈತಿ. ನಾ ಕಾಲು ನೋಡಕೋತ ನಿಂತೆ. ಬೆಣ್ಣಿ ದೀಪದ ಜಿಡ್ಡು ವಾಸನಿ. ಒಬ್ಬ ವಯಸ್ಸಾದ ಸನ್ಯಾಸಿ ಹಿತ್ತಾಳಿ ದೀಪ ಒಂದೊಂದ ಎತ್ತಿ, ಅರಿವಿಲೆ ಒರಸಿ, ಉಗರಿನ್ಯಾಗ ಕಪ್ಪ ಕೆರದು ತಗದು ಮತ್ತ ಇಡಾಕ ಹತ್ತಿದ್ದ. ಅವನ ಮಾರಿ ಮ್ಯಾಲ ಶಾಂತಿ ಗೀಂತಿ ಏನೂ ಕಾಣ್ಲಿಲ್ರಿ, ಸುಮ್ಮನ ಕೆಲಸ ಇತ್ತು, ಇನ್ನೂ ಅರ್ಧ ಸಾಲು ಬಾಕಿ ಇತ್ತು.

ನಮ್ಮ ಬಸ್ಸಿನ ಮಂದಿಗೆ ಮಾತ್ರ ಶಾಂತಿ ಬಾಳ ಅರ್ಜೆಂಟ್ ಇತ್ತು. ಒಬ್ಬಾಕಿ ಕಣ್ಣು ಮುಚ್ಚಿ ಕುಂತು "ತಗದ್ಯಾ? ಇನ್ನೊಂದ ತಗಿ" ಅನ್ನಾಕ ಹತ್ತಿದ್ಲು. ಇನ್ನೊಬ್ಬಾಂವ ಹೊರಗ ಪ್ರಾರ್ಥನಾ ಚಕ್ರ ಹಿಡದು ಬೋರ್‌ವೆಲ್ ಬುರಬುರ ಅನ್ನೂ ಹಂತಕ್ಕ ತಿರುವಿದ, ಅದೂ ಉಲ್ಟಾ, ಮತ್ತ ರೀಲ್ ಮಾಡಾಕ ಮೊಬೈಲ್ ನನ್ನ ಕೈಯಾಗ ಕೊಟ್ಟ. ನಾ ಬೇಕಂತನ ಗ್ವಾಡಿ ಶೂಟ್ ಮಾಡಿ ಕೊಟ್ಟೆ. ಹೋಗ್ಲಿ ಬಿಡ್ರಿ, ಅವಂಗ ಇನ್ನೂ ಗೊತ್ತಾಗಿರಲಿಕ್ಕಿಲ್ಲ.

ಇದನ್ನೆಲ್ಲಾ ಬಾಗಲಕೋಟಿ ಕಾಕಾಗ ಹೇಳಿದ್ರ ಅಂವ ನಕ್ಕ. "ಬೌದ್ಧ ಮಠ ನೋಡಾಕ ಅಲ್ಲಿತನ ಯಾಕೋ? ಹುಬ್ಬಳ್ಳಿ ದಾಟಿದ್ರ ಮುಂಡಗೋಡ, 1966ರಿಂದ ಟಿಬೆಟ್ ಮಂದಿ ಅದಾರ, ದ್ರೆಪುಂಗ್, ಗಾಂದೆನ್ ಅಂತ ದೊಡ್ಡ ದೊಡ್ಡ ಮಠ. ಅದೂ ದೂರ ಆತಂದ್ರ ನಮ್ಮ ಐಹೊಳಿ ಮೇಗುತಿ ಗುಡ್ಡದಾಗ ಎರಡಂತಸ್ತಿನ ಬೌದ್ಧ ಗುಡಿ ಐತಿ, ಚಾವಣ್ಯಾಗ ಬುದ್ಧನ್ನ ಕೆತ್ಯಾರ. ಎಂದರ ಹೋಗಿಯೇನ?" ಮಂಜು ಇರಂಗಿಲ್ಲಲ್ಲ ಕಾಕಾ ಅಂದೆ. "ಮಂಜು ನೋಡಾಕ ಇಷ್ಟು ರೊಕ್ಕ ಹಾಕಿದ್ಯಾ?" ಅಂದ.

ಉತ್ತರ ಕೊಡಬೇಕು ಅನ್ನೂದ್ರಾಗ ಅಂವ ಗ್ವಾಡಿ ಮ್ಯಾಲಿನ ಕ್ಯಾಲೆಂಡರ್ ಇಳಿಸಿ, ಮುಂಡಗೋಡಕ್ಕ ಯಾವ ಐತವಾರ ಹೋಗೂದು ಅಂತ ಬೆರಳ ಮಡಚಾಕ ಹತ್ತಿದ, ಅದ್ರಾಗ ಅಮಾಸಿ ಬಂದದ್ದು ಬಿಟ್ಟು.